ಐಸೋಥರ್ಮಲ್ಲು, ಅಡಿಯಾಬ್ಯಾಟಿಕ್ಕು ಮತ್ತು ನನ್ನ ಕೆಂಪು ಪೆನ್ನು

ಅಕ್ಕಲಕೋಟದ ಒಂದು ಜ್ಯೂನಿಯರ್ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಭೌತಶಾಸ್ತ್ರ ಕಲಿಸುತ್ತಿದ್ದೇನೆ. ಕಲಿಸುತ್ತಿದ್ದೇನೆ ಎಂಬುದು ಬರೀ ದಾಖಲೆಯ ಮಾತು. ಸೊಲ್ಲಾಪುರದ ಮನೆಯಿಂದ ದಿನಾ ಬೆಳಗ್ಗೆ ಎಸ್ಟಿ ಬಸ್ಸು ಹಿಡಿದು ಹೋಗುತ್ತೇನೆ, ಯಾರೂ ಕಿವಿಗೆ ಹಾಕಿಕೊಳ್ಳದ ನಾಲ್ಕು ಮಾತು ಆಡುತ್ತೇನೆ, ಮಧ್ಯಾಹ್ನದ ಬಸ್ಸಿಗೆ ಮರಳುತ್ತೇನೆ. ಮಕ್ಕಳ ಪುಸ್ತಕ ಇಂಗ್ಲಿಷಿನದು, ನನ್ನ ಪಾಠ ಮರಾಠಿಯದು, ಬೆಂಚಿನಲ್ಲಿ ತಲೆ ತಗ್ಗಿಸಿ ಅವರು ಪಿಸುಗುಡುವುದು ಕನ್ನಡ. ಮೂರು ಭಾಷೆಯ ಮಕ್ಕಳಾದರೂ ಅವರ ಹತ್ತಿರ ಇರುವುದು ಒಂದೇ ಪ್ರಶ್ನೆ: "ಇದು ಪರೀಕ್ಷಾದಾಗ ಬರ್ತೈತೇನ್ರಿ ಮೇಡಂ?"

ನನ್ನ ಬಾಯಿ ಒಳ್ಳೆಯದಲ್ಲ ಎಂದು ಎಲ್ಲರಿಗೂ ಗೊತ್ತು. ನಮ್ಮ ಅತ್ತೆ ಬದುಕಿರುವತನಕ, "ಎಲ್ಲಾರ ನಾಲಿಗಿಗೆ ಎಲುಬಿಲ್ಲ, ನಿನ್ನ ನಾಲಿಗಿಗೆ ಹಲ್ಲ ಅದಾವ" ಎನ್ನುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೆ. ದಡ್ಡತನ ಕಂಡಲ್ಲಿ ದಡ್ಡತನ ಎನ್ನಬೇಕು. ಸುಮ್ಮನಿರುವವರು ಒಳ್ಳೆಯವರೇನಲ್ಲ, ಅವರಿಗೆ ಕಂಡಿರುವುದಿಲ್ಲ ಅಷ್ಟೇ.

ನಮ್ಮ ಮಹಾರಾಷ್ಟ್ರದ ಶಾಲೆಗಳಲ್ಲಿ ದಡ್ಡತನಕ್ಕೆ ಒಂದು ನಮೂನೆಯೇ ಇದೆ. ಅದರ ಹೆಸರು 'ಫರಕ ಸ್ಪಷ್ಟ ಕರಾ', ವ್ಯತ್ಯಾಸ ತಿಳಿಸಿರಿ ಎಂದು. ನಾವು ಬೇರಿಗೂ ಕಾಂಡಕ್ಕೂ ಫರಕು ಬರೆದೆವು, ರಾಜಶಾಹಿಗೂ ಲೋಕಶಾಹಿಗೂ ಬರೆದೆವು. ಹಾಳೆಯ ನಡುವೆ ಗೆರೆ ಎಳೆಯಬೇಕು, ಎಡಕ್ಕೊಂದು ಬಲಕ್ಕೊಂದು ಹೆಸರು ಹಾಕಬೇಕು, ಕೆಳಗೆ ಒಂದು, ಎರಡು, ಮೂರು ಎಂದು ಇಳಿಯುತ್ತ ಹೋಗಬೇಕು. ಎಡಕ್ಕೆ 'ಇದೆ' ಎಂದು ಬರೆದರೆ ಬಲಕ್ಕೆ 'ಇಲ್ಲ' ಎಂದು ಬರೆದರಾಯಿತು, ಅರ್ಧ ಅಂಕ ಗಟ್ಟಿ. ಈ ಚಟ ಶಾಲೆಗೆ ಮುಗಿಯುವುದಿಲ್ಲ. ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮಪ್ಪ ನನಗೆ ಬಂದ ಎರಡು ಗಂಡುಗಳನ್ನು ಹೀಗೆಯೇ ಎರಡು ಕಾಲಮ್ಮಿನಲ್ಲಿ ಬರೆದು ತೂಗಿದರು. ಸ್ವಂತ ಸೈಕಲ್ ಇದ್ದವನು ಒಂದು ಅಂಶದಿಂದ ಗೆದ್ದ. ಆ ಸೈಕಲ್ ಇನ್ನೂ ನಮ್ಮ ಮನೆಯಲ್ಲಿದೆ, ಗಂಡನೂ ಇದ್ದಾರೆ.

ಹನ್ನೆರಡನೇ ಇಯತ್ತೆಗೆ ಬರುವ ಹೊತ್ತಿಗೆ ಈ ಎರಡು ಕಾಲಮ್ಮು ಐಸೋಥರ್ಮಲ್ಲಿಗೂ ಅಡಿಯಾಬ್ಯಾಟಿಕ್ಕಿಗೂ ಬರುತ್ತದೆ. ಕರ್ನಾಟಕದ ಪುಸ್ತಕಗಳಲ್ಲಿ ಇವಕ್ಕೆ ಸಮೋಷ್ಣ, ಸ್ಥಿರೋಷ್ಣ ಎನ್ನುತ್ತಾರಂತೆ. ನಮ್ಮ ಕಡೆ ಆ ಮಾತು ಆಡಿದರೆ ಹೊಸ ಜ್ವರದ ಹೆಸರೆಂದು ತಿಳಿದಾರು.

ವಿಷಯ ಮಾತ್ರ ಬಹಳ ಸರಳ. ಡಬ್ಬಿಯೊಳಗಿನ ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗಲು ನೋಡುತ್ತದೆ. ಬಹಳ ನಿಧಾನವಾಗಿ ಒತ್ತಿದರೆ, ಡಬ್ಬಿಯ ಗೋಡೆಯೂ ತೆಳ್ಳಗಿದ್ದರೆ, ಬಿಸಿ ಹುಟ್ಟಿದ ಹಾಗೆಯೇ ಹೊರಗೆ ಸೋರಿಹೋಗುತ್ತದೆ, ಒಳಗಿನ ತಾಪ ಇದ್ದಷ್ಟೇ ಇರುತ್ತದೆ. ಇದು ಐಸೋಥರ್ಮಲ್. ಸೋರಲು ಹೊತ್ತು ಕೊಡದೆ ಒಮ್ಮೆಲೇ ಒತ್ತಿದರೆ, ಅಥವಾ ಡಬ್ಬಿಗೆ ದಪ್ಪ ಕಂಬಳಿ ಸುತ್ತಿ ಒತ್ತಿದರೆ, ಬಿಸಿ ಒಳಗೇ ಉಳಿದು ತಾಪ ಏರುತ್ತದೆ. ಇದು ಅಡಿಯಾಬ್ಯಾಟಿಕ್. ಅಂದರೆ ತಾಪ ಬದಲಾಗದ ಕಡೆ ಬಿಸಿ ಗೋಡೆ ದಾಟಿ ಓಡಾಡುತ್ತಿರುತ್ತದೆ, ಬಿಸಿ ಗೋಡೆ ದಾಟದ ಕಡೆ ತಾಪ ಬದಲಾಗುತ್ತದೆ. ಜನಕ್ಕೆ ಗಂಟಲಲ್ಲಿ ಸಿಕ್ಕಿಕೊಳ್ಳುವುದು ಇದೇ. "ತಾಪ ಬದಲಾಗಿಲ್ಲ ಅಂದಮ್ಯಾಲ ಬಿಸಿ ಬಂದೂ ಇಲ್ಲ, ಹೋಗೂ ಇಲ್ಲ" ಎಂದು ದೇವರ ಮುಂದೆ ಬೇಕಾದರೂ ಆಣೆ ಮಾಡಿ ಹೇಳುತ್ತಾರೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಗಂಡನ ಸೈಕಲ್ಲಿನ ಪಂಪನ್ನು ತರಗತಿಗೆ ಒಯ್ಯುತ್ತಿದ್ದೆ. ತುದಿಗೆ ಬೆರಳು ಒತ್ತಿ ಹಿಡಿದು ಮೆಲ್ಲಗೆ ಒತ್ತಿ ತೋರಿಸುತ್ತಿದ್ದೆ, ಆಮೇಲೆ ದಬದಬ ಒತ್ತಿ, ಕೊಳವೆ ಮುಟ್ಟಿ ನೋಡಿರಿ ಎನ್ನುತ್ತಿದ್ದೆ. ಮೂರನೆಯ ವರ್ಷವೋ ನಾಲ್ಕನೆಯ ವರ್ಷವೋ ಒಬ್ಬ ಹಿಂದಿನ ಬೆಂಚಿನಿಂದ, "ಪಂಪಿಗೆ ಎಷ್ಟು ಮಾರ್ಕು ಮೇಡಂ?" ಎಂದ. ತರಗತಿಯೆಲ್ಲ ನಕ್ಕಿತು. ಪಂಪು ಮನೆಗೆ ಹೋಯಿತು. ಅಂದಿನಿಂದ ನಾನು ಬೋರ್ಡಿನ ನಡುವೆ ಗೆರೆ ಎಳೆಯತೊಡಗಿದೆ, ಎಳೆಯುತ್ತ ಬೈಯತೊಡಗಿದೆ. ಬೈದದ್ದರಿಂದ ಗೆರೆಯ ಪಾಪ ತೊಳೆದುಹೋಗುತ್ತದೆ ಎಂದು ನನ್ನ ತಿಳಿವಳಿಕೆ.

ಈಗಿನ ಮಕ್ಕಳಿಗೆ ನನ್ನ ಬೋರ್ಡೂ ಬೇಡ. ಸೊಲ್ಲಾಪುರದಲ್ಲಿ ಖಾಸಗಿ ಕ್ಲಾಸ್ ನಡೆಸುವ ಒಬ್ಬ ಸರ್ ಇದ್ದಾರೆ. ಅವರ ಕೈಕಟ್ಟಿದ ಚಿತ್ರ ಊರ ತುಂಬ ಫಲಕಗಳ ಮೇಲಿದೆ. ದೇವರ ಕ್ಯಾಲೆಂಡರಿನಲ್ಲೂ ಅಷ್ಟು ಪ್ರಸನ್ನ ಮುಖ ನಾನು ಕಂಡಿಲ್ಲ. ಅವರ ಕೈಬರಹದ ನೋಟ್ಸಿಗೆ 'ಹಮಖಾಸ ಯಶ' ಎಂದು ಹೆಸರು, ಖಾತ್ರಿ ಗೆಲುವು ಎಂದರ್ಥ. ಅದರ ಝೆರಾಕ್ಸು ಗಡಿಯ ದುಧನಿಯ ತನಕ ಹೋಗುತ್ತದೆ. ಮಕ್ಕಳು ಅದನ್ನು ಮೊಬೈಲಿನಲ್ಲಿ ಒಬ್ಬರಿಗೊಬ್ಬರು ದಾಟಿಸುತ್ತಾರೆ. ಎತ್ತು ಈಯಿತು ಎಂದು ಆ ಸರ್ ಬರೆದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಪೈಕಿ ಎಲ್ಲರೂ.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ. ನಮ್ಮ ಸಂಸ್ಥೆಯದೇ ಒಂದು ಡಿಗ್ರಿ ಕಾಲೇಜು ಸೊಲ್ಲಾಪುರದಲ್ಲಿದೆ, ಅದಕ್ಕೆ ಹುಡುಗಿಯರ ಹಾಸ್ಟೆಲ್ ಇದೆ. ಬೋರ್ಡ್ ಪರೀಕ್ಷೆಗೆ ಮುಂಚೆ ಕಾಲೇಜೇ ನಡೆಸುವ ಪ್ರಿಲಿಮ್ ಪರೀಕ್ಷೆಯಲ್ಲಿ ನಮ್ಮ ವಿಜ್ಞಾನ ವಿಭಾಗದ ಹುಡುಗಿಯರಲ್ಲಿ ಮೊದಲು ಬಂದವಳಿಗೆ ಆ ಹಾಸ್ಟೆಲಿನಲ್ಲಿ ಮೂರು ವರ್ಷ ಪುಕ್ಕಟೆ ಸೀಟು. ಒಂದೇ ಸೀಟು. ಹೋದ ವರ್ಷ ಅದಕ್ಕೆ ಇಬ್ಬರ ನಡುವೆ ಪೈಪೋಟಿ ಇತ್ತು. ಒಬ್ಬಳು ದುಧನಿಯ ಅಡತಿ ವ್ಯಾಪಾರಿಯ ಮಗಳು. ಮನೆಯ ಕಾರಿನಲ್ಲಿ ಸೊಲ್ಲಾಪುರದ ಕ್ಲಾಸಿಗೆ ಹೋಗಿ ಬರುವವಳು, ಆದರೂ ಸೊಕ್ಕಿಲ್ಲದ ಹುಡುಗಿ. ಇನ್ನೊಬ್ಬಳು ಮೈಂದರ್ಗಿಯ ರೈತರ ಮನೆಯವಳು. ಅವಳ ಅಪ್ಪ ಒಂದೇ ಮಾತು ಹೇಳಿಟ್ಟಿದ್ದ: ಸೀಟು ಸಿಕ್ಕರೆ ಸೊಲ್ಲಾಪುರದಲ್ಲಿ ಬಿ.ಎಸ್ಸಿ., ಸಿಗದಿದ್ದರೆ ಮನೆಯಿಂದಲೇ ಹೋಗಿಬಂದು ಬಿ.ಎ. ಅವಳಿಗೆ ಬೇಕಾಗಿದ್ದದ್ದು ಫಿಜಿಕ್ಸು. "ಫಿಜಿಕ್ಸ್ ಓದಿ ಏನ್ ಮಾಡ್ತಿ, ನನ್ನಂಗ ಎಸ್ಟಿ ಬಸ್ಸಿನಾಗ ಮುದುಕಿ ಆಗ್ತೀಯೇನು?" ಎಂದು ಒಮ್ಮೆ ಕೇಳಿದ್ದೆ. "ಆಗ್ತೀನ್ರಿ" ಎಂದಿದ್ದಳು. ಉತ್ತರ ನನಗೆ ಉದ್ಧಟತನ ಎನಿಸಿತ್ತು.

ಪ್ರಿಲಿಮ್ ಪತ್ರಿಕೆಗಳನ್ನು ನಾನು ತಪಾಸುವುದು ಬಸ್ಸಿನಲ್ಲಿ. ತಪ್ಪು ಎಂದು ಗೊತ್ತು. ಆದರೆ ಮನೆಗೆ ಒಯ್ದು ತಪಾಸುವಂಥ ಘನಕಾರ್ಯ ಅದರಲ್ಲಿ ಏನಿದೆ ಎಂಬುದು ನನ್ನ ವಾದ. ಕಿಟಕಿಯ ಪಕ್ಕ ಕೂತು, ತೊಡೆಯ ಮೇಲೆ ಕಟ್ಟು ಇಟ್ಟುಕೊಂಡು, ವಳಸಂಗ ಬರುವಷ್ಟರಲ್ಲಿ ಹತ್ತು, ಕುಂಭಾರಿ ದಾಟುವಷ್ಟರಲ್ಲಿ ಇಪ್ಪತ್ತು. ಫರಕಿನ ಪ್ರಶ್ನೆ ಬಂದಾಗ ನಾನು ಓದುವುದಿಲ್ಲ, ಸಾಲು ಎಣಿಸುತ್ತೇನೆ. ಆರು ಸಾಲು ಇದ್ದರೆ ಮೂರು ಅಂಕ, ನಾಲ್ಕಿದ್ದರೆ ಎರಡು. ಎಲ್ಲರೂ ಒಂದೇ ನೋಟ್ಸು ಉರುಹೊಡೆದವರು, ಒಬ್ಬರದನ್ನು ಓದಿದರೇನು, ಎಂಬತ್ತು ಮಂದಿಯದನ್ನು ಓದಿದರೇನು? ಅವರು ಯೋಚಿಸದೆ ಬರೆಯುತ್ತಾರೆ, ನಾನು ಓದದೆ ಅಂಕ ಕೊಡುತ್ತೇನೆ, ಲೆಕ್ಕ ಸಮ. ಇದನ್ನು ಸ್ಟಾಫ್ ರೂಮಿನಲ್ಲಿ ಎದೆಯುಬ್ಬಿಸಿ ಹೇಳಿಕೊಂಡಿದ್ದೂ ಉಂಟು.

ಹೋದ ವರ್ಷದ ಕಟ್ಟಿನಲ್ಲಿ ಒಂದೇ ಒಂದು ಪತ್ರಿಕೆಯಲ್ಲಿ ಗೆರೆ ಇರಲಿಲ್ಲ. ಐಸೋಥರ್ಮಲ್ಲಿಗೂ ಅಡಿಯಾಬ್ಯಾಟಿಕ್ಕಿಗೂ ಫರಕು ಬರೆಯಿರಿ ಎಂದರೆ ಯಾರೋ ಅರ್ಧ ಪುಟ ಕಥೆ ಬರೆದಿದ್ದರು. ಹರಕು ಇಂಗ್ಲಿಷಿನಲ್ಲಿ ಬಾವಿ, ಇಂಜಿನ್ನು, ಅಪ್ಪ ಎಂಬ ಮಾತುಗಳು ಕಣ್ಣಿಗೆ ಬಿದ್ದವು. ಬಸ್ಸು ಕುಲುಕುತ್ತಿತ್ತು, ಪಕ್ಕದ ಹೆಂಗಸು ನನ್ನ ಹೆಗಲ ಮೇಲೆ ತೂಕಡಿಸುತ್ತಿದ್ದಳು. ನಾನು ಒಂದು ದೊಡ್ಡ ಸೊನ್ನೆ ಸುತ್ತಿ, ಪಕ್ಕದಲ್ಲಿ ಮರಾಠಿಯಲ್ಲಿ 'ಕಾಲಮ್ ಎಲ್ಲಿ?' ಎಂದು ಬರೆದು ಮುಂದಿನದಕ್ಕೆ ಹೋದೆ. ಆ ಪ್ರಶ್ನೆ ಬರೆದದ್ದಕ್ಕೆ ನನಗೆ ಸ್ವಲ್ಪ ಖುಷಿಯೂ ಆಯಿತು.

ಅಂಕಗಳು ಬಂದಾಗ ದುಧನಿಯ ಹುಡುಗಿ ಎರಡು ಅಂಕದಿಂದ ಮುಂದಿದ್ದಳು. ನಮ್ಮಲ್ಲಿ ತಪಾಸಿದ ಪತ್ರಿಕೆಗಳನ್ನು ಒಂದು ದಿನ ಮಕ್ಕಳ ಕೈಗೆ ಕೊಡುವ ರೂಢಿ ಇದೆ. ಅಂದು ಮಧ್ಯಾಹ್ನ ಮೈಂದರ್ಗಿಯವಳು ಸ್ಟಾಫ್ ರೂಮಿಗೆ ಬಂದು ನನ್ನ ಮೇಜಿನ ಮುಂದೆ ನಿಂತಳು. ಕೈಯಲ್ಲಿ ಎರಡು ಪತ್ರಿಕೆ ಇದ್ದವು.

"ಮೇಡಂ, ಇದ್ರಾಗ ತಪ್ಪ ಏನೈತ್ರಿ?"

ಸೊನ್ನೆಯ ಮೇಲೆ ಬೆರಳಿಟ್ಟಿದ್ದಳು. ಆ ಕಥೆ ಇವಳದು ಎಂದು ನನಗೆ ಗೊತ್ತಾದದ್ದೇ ಆಗ.

"ಕಾಲಮ್ ಎಲ್ಲೈತಿ? ನಾ ಫರಕ್ ಕೇಳೀನಿ. ನಿಮ್ಮ ಇಂಜಿನ್ನಿನ ಪುರಾಣ ಕೇಳೀನೇನು?"

ಕೆಮಿಸ್ಟ್ರಿಯ ಸರ್ ಚಹಾದ ಕಪ್ಪಿನೊಳಗೇ ನಕ್ಕರು. ಹುಡುಗಿ ಅತ್ತ ನೋಡಲಿಲ್ಲ.

"ಕಾಲಮ್ ಇಲ್ಲ, ಖರೇ ಐತ್ರಿ. ಆದ್ರ ತಪ್ಪ ಏನೈತಿ ಅಂತ ಕೇಳಾಕತ್ತೀನ್ರಿ." ಹಾಗೆನ್ನುತ್ತ ಎರಡನೆಯ ಪತ್ರಿಕೆ ನನ್ನ ಮುಂದಿಟ್ಟಳು. ಅದು ದುಧನಿಯವಳದು, ಕೇಳಿ ತಂದದ್ದು. "ಇದ್ರಾಗ ನಾಕನೇದು ಓದಿ ನೋಡ್ರಿ."

ಓದಿದೆ. ನಾಲ್ಕನೆಯ ಅಂಶ: ಐಸೋಥರ್ಮಲ್ಲಿನಲ್ಲಿ ಬಿಸಿ ಹೊರಗೆ ಹೋಗುವುದಿಲ್ಲ, ಒಳಗೆ ಬರುವುದಿಲ್ಲ, ಅಡಿಯಾಬ್ಯಾಟಿಕ್ಕಿನಲ್ಲಿ ಹೋಗುತ್ತದೆ, ಬರುತ್ತದೆ. ಐದನೆಯದು: ಐಸೋಥರ್ಮಲ್ಲಿಗೆ ಬಿಸಿ ದಾಟಗೊಡದ ಗೋಡೆ ಬೇಕು. ಆರನೆಯದು: ಐಸೋಥರ್ಮಲ್ಲಿನಲ್ಲಿ ಒಳಗಿನ ಶಕ್ತಿ ಬದಲಾಗುತ್ತದೆ. ಮೂರೂ ತಲೆಕೆಳಗು. ಮೊದಲ ಮೂರು ಅಂಶ ಸರಿ ಇದ್ದವು. ಕಾರಣ ಕೂಡಲೇ ಹೊಳೆಯಿತು. ಸೊಲ್ಲಾಪುರದ ಸರ್ ಬರೆದ ತಖ್ತೆ, ಅಂದರೆ ಎರಡು ಕಾಲಮ್ಮಿನ ಪಟ್ಟಿ, ಎರಡು ಪುಟಕ್ಕೆ ಹರಿದಿದೆ, ಎರಡನೆಯ ಪುಟದ ತಲೆಯಲ್ಲಿ ಆ ಮಹಾನುಭಾವರು ಎಡದ ಹೆಸರು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಬಿಟ್ಟಿದ್ದಾರೆ. ಝೆರಾಕ್ಸಿಗೆ ಏನು ಗೊತ್ತು? ನಮ್ಮ ಮಕ್ಕಳಿಗೆ ಏನು ಗೊತ್ತು? ತಾಪ ಬದಲಾಗದಿದ್ದರೆ ಬಿಸಿ ಓಡಾಡುವುದಿಲ್ಲ ಎಂಬುದು ಮೊದಲೇ ಊರಿನ ಮಂದಿಯ ತಿಳಿವಳಿಕೆ, ತಪ್ಪು ಅದಕ್ಕೆ ಸರಿಯಾಗಿ ಹೊಂದಿಕೊಂಡು ಕೂತಿತು. ಅದರ ಪಕ್ಕದಲ್ಲಿ ನನ್ನದೇ ಕೈಬರಹದಲ್ಲಿ ಮೂರಕ್ಕೆ ಮೂರು. ಆಗಲೇ ಮರಳಿ ಬಂದಿದ್ದ ಕಟ್ಟು ಬಿಚ್ಚಿ ಇನ್ನೂ ನಾಲ್ಕು ಪತ್ರಿಕೆ ನೋಡಿದೆ. ಅದೇ ತಲೆಕೆಳಗು, ಅದೇ ಮೂರಕ್ಕೆ ಮೂರು.

ಆಮೇಲೆ ಅವಳದನ್ನು ಓದಿದೆ, ಮೊದಲ ಸಲ. ಅವರ ಬಾವಿಯ ಮೇಲೆ ಒಂದು ಹಳೆಯ ಡೀಸೆಲ್ ಇಂಜಿನ್ ಇದೆಯಂತೆ. ಕರೆಂಟು ಇಲ್ಲದ ಪಾಳಿಯಲ್ಲಿ ಅದನ್ನು ಕೈಯಿಂದ ತಿರುಗಿಸಿ ಚಾಲೂ ಮಾಡುತ್ತಾರೆ. ಅಪ್ಪ ಹ್ಯಾಂಡಲ್ ತಿರುಗಿಸುತ್ತಾನೆ, ಇವಳು ಇಂಜಿನ್ನಿನ ತಲೆಯ ಮೇಲಿನ ಪುಟ್ಟ ಹಿಡಿಕೆ ಎತ್ತಿ ಹಿಡಿದಿರುತ್ತಾಳೆ. ವೇಗ ಬಂದಮೇಲೆ ಹಿಡಿಕೆ ಬಿಡುತ್ತಾಳೆ, ಗಾಳಿ ಒಳಗೆ ಸಿಕ್ಕಿಕೊಂಡು ಒತ್ತಿಸಿಕೊಳ್ಳುತ್ತದೆ, ಆ ಬಿಸಿಗೇ ಡೀಸೆಲ್ ಹೊತ್ತುತ್ತದೆ. ಕಿಡಿ ಹಚ್ಚುವವರು ಯಾರೂ ಇಲ್ಲ. ಚಳಿಗಾಲದ ಬೆಳಗಿನಲ್ಲಿ ಅಪ್ಪನ ಭುಜ ನೋಯುತ್ತದೆ, ನಿಧಾನ ತಿರುಗಿಸುತ್ತಾನೆ, ಆಗ ಹೊತ್ತುವುದಿಲ್ಲ. 'ಅದೇ ಇಂಜಿನ್, ಅಷ್ಟೇ ಗಾಳಿ, ಗಾಳಿ ಒತ್ತಿಸಿಕೊಳ್ಳುವುದೂ ಅಷ್ಟೇ ಜಾಗಕ್ಕೆ. ಆದರೆ ನಿಧಾನವಾದರೆ ಬಿಸಿ ತಣ್ಣನೆಯ ಕಬ್ಬಿಣಕ್ಕೆ ಹೋಗಿಬಿಡುತ್ತದೆ. ಪೂರಾ ನಿಧಾನವಾದರೆ ಐಸೋಥರ್ಮಲ್, ಹೋಗಲು ಹೊತ್ತೇ ಸಿಗದಿದ್ದರೆ ಅಡಿಯಾಬ್ಯಾಟಿಕ್. ನಮ್ಮ ಅಪ್ಪನ ಕೈ ಇವೆರಡರ ನಡುವೆ ಇರುತ್ತದೆ' ಎಂದು ಬರೆದಿದ್ದಳು.

ಇಪ್ಪತ್ತಾರು ವರ್ಷಗಳಲ್ಲಿ ಇಷ್ಟು ಸರಿಯಾದ ಉತ್ತರ ನನ್ನ ಕೈಗೆ ಬಂದಿರಲಿಲ್ಲ. ಬಂದಿದ್ದರೂ ನನಗೆ ಹೇಗೆ ಗೊತ್ತಾಗಬೇಕು? ಎರಡೂ ಪಕ್ಕಾ ಆಗುವುದು ಪುಸ್ತಕದಲ್ಲಿ ಮಾತ್ರ, ಹೊಲದಲ್ಲಿ ಎಲ್ಲವೂ ನಡುವೆಯೇ ಇರುತ್ತದೆ ಎಂಬ ಮಾತನ್ನು ನಾನೂ ಆಡಿದವಳಲ್ಲ. ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ನನಗೆ ಬರುವುದು ಸಿಟ್ಟು. "ಹೋಗು, ನೋಡ್ತೀನಿ" ಎಂದು ಗದರಿಸಿ ಕಳಿಸಿದೆ.

ಪ್ರಿನ್ಸಿಪಾಲರ ಕೋಣೆಗೆ ಹೋದೆ. ಸೀಟಿನ ಯಾದಿ ಮರುದಿನ ಸೊಲ್ಲಾಪುರಕ್ಕೆ ಹೋಗುವುದಿತ್ತು. ಅವರು ಯಾವುದಕ್ಕೂ ಹೌದು ಎನ್ನದ, ಯಾವುದಕ್ಕೂ ಇಲ್ಲ ಎನ್ನದ ಮನುಷ್ಯ, ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಪದವಿ ಪಡೆದವರು. "ಅಂಕ ಬದಲಿ ಮಾಡೂದಿದ್ರ ಮಾಡ್ರಿ ಮೇಡಂ. ಕಾರಣ ಬರದು ಕೊಡ್ರಿ, ಕೆಳಗ ಹುಡುಗೀ ಸಹಿ ತಗೋರಿ. ನೋಡ್ರಿ ಮತ್ತ, ಸುಮ್ನ ದೊಡ್ಡದು ಮಾಡಬ್ಯಾಡ್ರಿ" ಎಂದರು.

ಕಾರಣ. ನಿಜವಾದ ಕಾರಣಕ್ಕೆ ಒಂದೇ ಸಾಲು ಸಾಕಿತ್ತು: ಈ ಉತ್ತರವನ್ನು ನಾನು ಓದಿರಲಿಲ್ಲ. ಹಾಗೆ ಬರೆದರೆ ಉಳಿದ ಎಂಬತ್ತನ್ನು ಓದಿದ್ದೀರಾ ಎಂದು ಯಾರಾದರೂ ಕೇಳುತ್ತಾರೆ. ಕೆಮಿಸ್ಟ್ರಿ ಸರ್ ಕಪ್ಪಿನಿಂದ ಮುಖ ಹೊರಗೆ ತೆಗೆದು ನಗುತ್ತಾರೆ. ಈ ಕಾಲೇಜಿನಲ್ಲಿ ನಾನು ಆಡಿಕೊಳ್ಳದ ಮನುಷ್ಯನಿಲ್ಲ, ಎಲ್ಲರೂ ಸರತಿಯಲ್ಲಿ ನಿಂತು ವಸೂಲಿ ಮಾಡುತ್ತಾರೆ. ನಾನು ಹಾಳೆ ತೆಗೆದುಕೊಂಡು ಚೊಕ್ಕ ಮರಾಠಿಯಲ್ಲಿ 'ಬೇರಜೇತ ಚೂಕ' ಎಂದು ಬರೆದೆ, ಅಂಕ ಕೂಡುವಾಗ ತಪ್ಪಾಗಿದೆ ಎಂದು. ಅದಕ್ಕೆ ತಕ್ಕಂತೆ ಪತ್ರಿಕೆಯನ್ನೂ ಸರಿಮಾಡಬೇಕಲ್ಲ? ಸೊನ್ನೆಯ ಎಡ ಹೊಟ್ಟೆ ಕೆರೆದು, ನಡುವೆ ಚುಚ್ಚಿ ಮೂರು ಮಾಡಿದೆ. 'ಕಾಲಮ್ ಎಲ್ಲಿ?' ಎಂಬುದರ ಮೇಲೆ ಹಾಳೆ ಹರಿಯುವತನಕ ಗೀಚಿದೆ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪಕ್ಕದ ಎಲೆಯ ನೊಣ ತೋರಿಸುವವರನ್ನು ನಾನು ಎಷ್ಟು ಸಲ ಹಂಗಿಸಿದ್ದೇನೋ.

ಮರುದಿನ ಬೆಳಗ್ಗೆ ಹುಡುಗಿಯನ್ನು ಕರೆಸಿ ಹಾಳೆ ಮುಂದಿಟ್ಟೆ. "ಮೂರು ಕೊಟ್ಟೀನಿ. ನೀನ ಮೊದಲು. ಇಲ್ಲಿ ಸಹಿ ಮಾಡು."

ಅವಳ ಮುಖ ಅರಳಿತು. ಆಮೇಲೆ ಹಾಳೆ ಕೈಗೆ ತೆಗೆದುಕೊಂಡು ಓದಿದಳು. ಓದುವ ಚಟ ಅವಳಿಗೆ.

"ಬೇರೀಜ ಬರೋಬ್ಬರಿನೇ ಇತ್ತಲ್ರಿ ಮೇಡಂ."

"ನಿನಗ ಸೀಟ ಬೇಕೋ ಬ್ಯಾಡೋ?"

"ಬೇಕ್ರಿ." ಹಾಳೆಯನ್ನು ಮೇಜಿನ ಮೇಲೆ ತಿರುಗಿ ಇಟ್ಟಳು. "ಆದ್ರ ಬೇರೀಜ ತಪ್ಪಿತ್ತು ಅಂದ್ರ, ನಾ ಬರದದ್ದು ಖರೇ ಅಂತ ಎಲ್ಲಿ ಆತ್ರಿ?"

ಹಲ್ಲಿದ್ದ ನಾಲಿಗೆ ಆ ಹೊತ್ತಿನಲ್ಲಿ ಬರೀ ಮಾಂಸವಾಗಿತ್ತು. "ಯಾದಿ ಹನ್ನೊಂದಕ್ಕ ಹೋಗ್ತೈತಿ" ಎಂದೆ. ಅವಳು ನನ್ನ ಮುಖ ನೋಡಿದಳು, ಗೋಡೆಯ ಗಡಿಯಾರ ನೋಡಿದಳು, ಪೆನ್ನು ತೆಗೆದುಕೊಂಡು ತನ್ನ ಪೂರಾ ಹೆಸರು ಬರೆದಳು. ನನ್ನ ಸುಳ್ಳಿನ ಕೆಳಗೆ ಅವಳ ಸಹಿ. ಹನ್ನೆರಡನೇ ಇಯತ್ತೆಯಲ್ಲಿ ಅವಳಿಗೆ ನಾನು ಕಲಿಸಿದ್ದು ಇದೊಂದೇ ಇರಬೇಕು.

ಅದೇ ದಿನ ತರಗತಿಯಲ್ಲಿ, ತಖ್ತೆಯ ಕೊನೆಯ ಮೂರು ಅಂಶ ತಲೆಕೆಳಗಾಗಿವೆ, ತಿದ್ದಿಕೊಳ್ಳಿರಿ ಎಂದು ಹೇಳಿದೆ. ಬೋರ್ಡ್ ಪರೀಕ್ಷೆಯಲ್ಲೂ ಹಾಗೆಯೇ ಬರೆದಾರೆಂಬ ಭಯ. ಹೇಳುವುದರ ಜೊತೆಗೆ ಸೊಲ್ಲಾಪುರದ ಸರನ್ನು ಅರ್ಧ ಗಂಟೆ ಬೈದೆ. ಅವರ ಕೈಕಟ್ಟಿದ ಚಿತ್ರ, 'ಹಮಖಾಸ ಯಶ', ಉರುಹೊಡೆಯುವ ಗಿಳಿಗಳು, ಯಾವುದನ್ನೂ ಬಿಡಲಿಲ್ಲ. ತರಗತಿ ಹೊಟ್ಟೆ ಹಿಡಿದು ನಕ್ಕಿತು. ಆ ತಪ್ಪಿಗೆ ಮೂರಕ್ಕೆ ಮೂರು ಕೊಟ್ಟವರು ಯಾರು ಎಂದು ಯಾರೂ ಕೇಳಲಿಲ್ಲ. ದುಧನಿಯವಳೂ ನಗುತ್ತಿದ್ದಳು. ಅವಳಿಗೆ ನಷ್ಟವೇನೂ ಆಗಲಿಲ್ಲ, ಸೊಲ್ಲಾಪುರದಲ್ಲಿ ಅವಳ ಸೋದರಮಾವನ ಮನೆಯೇ ಇತ್ತು. ಮೂರನೆಯ ಬೆಂಚಿನಲ್ಲಿ ಮೈಂದರ್ಗಿಯವಳು ಮಾತ್ರ ವಹಿ ತೆರೆದು ತಲೆ ತಗ್ಗಿಸಿ ಕೂತಿದ್ದಳು. ಅವಳ ವಹಿಯಲ್ಲಿ ತಿದ್ದುವಂಥದು ಏನೂ ಇರಲಿಲ್ಲ.

ಈಗ ಅವಳು ಸೊಲ್ಲಾಪುರದಲ್ಲಿ ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದಾಳೆ. ಹೋದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು, ಊರಿಗೆ ಹೊರಟಿದ್ದಳು. ತಾನೇ ಹತ್ತಿರ ಬಂದು, ನಮಸ್ಕಾರ ಮಾಡಿ, ನನ್ನ ಮೊಣಕಾಲು ನೋವು ಹೇಗಿದೆ ಎಂದು ಕೇಳಿದಳು. ನಾನು ಫಿಜಿಕ್ಸು ಹೇಗೆ ನಡೆದಿದೆ ಎಂದು ಕೇಳಿದೆ.

"ಛಲೋ ನಡದೈತ್ರಿ ಮೇಡಂ" ಎಂದಳು. "ನಮ್ಮ ಸರ್ ಪೇಪರ್ ಓದ್ತಾರ್ರಿ."

ಅಷ್ಟರಲ್ಲಿ ಅಕ್ಕಲಕೋಟದ ಬಸ್ಸು ಬಂತು, ನನ್ನ ಚೀಲ ಎತ್ತಿಕೊಂಡು ಹೋಗಿ ಕಿಟಕಿಯ ಪಕ್ಕ ನನಗೆ ಜಾಗ ಹಿಡಿದು ಕೊಟ್ಟಳು. ಅವಳ ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನನಗೆ ಉತ್ತರ ಹೊಳೆಯುತ್ತಿತ್ತು.